ಕಾಗೆ ಕಾಯುವ ಕುರ್ಚಿ

ಒಬ್ಬರು ಮುದುಕರಾಗಲು ಬಹಳ ಕಾಲ ಬೇಕಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಅಷ್ಟೇನೂ ಬೇಡ. ಒಂದು ಒಳ್ಳೆಯ ಕೈಕುರ್ಚಿ, ಅದರ ಜೊತೆಗೆ ಅಕ್ಕರೆಯ ಒಬ್ಬ ಮಗ, ಇಷ್ಟಿದ್ದರೆ ವರ್ಷದೊಳಗೆ ಕೆಲಸ ಮುಗಿಯುತ್ತದೆ. ಪ್ರೀತಿ ಉಕ್ಕಿದಾಗ ನಮಗೆ ಮೊದಲು ತೋಚುವುದೇ ಎದುರಿಗಿದ್ದವರನ್ನು ಕೂರಿಸುವುದು ತಾನೆ? ನೆಂಟರು ಬಂದರೆ ಕೂರಿಸುತ್ತೇವೆ. ಕಾಯಿಲೆಯವರನ್ನು ಕೂರಿಸುತ್ತೇವೆ. ಸನ್ಮಾನಿತರನ್ನಂತೂ ಕೂರಿಸಿ, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ಅವರು ಮತ್ತೆ ಏಳದ ಹಾಗೆ ಭದ್ರ ಮಾಡುತ್ತೇವೆ. ನಾನು ನನ್ನ ಅಮ್ಮನಿಗೆ ಮಾಡಿದ್ದೂ ಇದನ್ನೇ. ಶಾಲು, ಹಣ್ಣಿನ ಬುಟ್ಟಿ ಇರಲಿಲ್ಲ, ಅಷ್ಟೆ.

ಮುಂದೆ ಹೇಳುವುದೆಲ್ಲ ನನ್ನ ನೆನಪಿನಲ್ಲಿ ಬಹಳ ಅಚ್ಚುಕಟ್ಟಾಗಿ ಕೂತಿದೆ. ನನ್ನ ಅನುಮಾನವೂ ಅಲ್ಲಿಂದಲೇ ಶುರು. ನಮ್ಮ ಮನೆಯಲ್ಲಿ ಯಾವುದೂ ಅಚ್ಚುಕಟ್ಟಾಗಿ ನಡೆದದ್ದಿಲ್ಲ; ಗಣಪತಿ ಹಬ್ಬದ ದಿನ ಕಡುಬು ಮಾಡಿ ಮುಗಿಸಿದ ಮೇಲೆ ಗಣಪತಿ ತರಲು ಮರೆತದ್ದು ನೆನಪಾದ ಮನೆ ಅದು. ಆದ್ದರಿಂದ ನಡುನಡುವೆ ನನ್ನ ಹೆಂಡತಿ ಶಾರದೆ ‘ಹಾಗಲ್ಲ ಅದು’ ಎಂದದ್ದನ್ನೂ ಸೇರಿಸುತ್ತೇನೆ. ಯಾರನ್ನು ನಂಬಬೇಕೆಂಬುದು ಓದುವವರಿಗೆ ಬಿಟ್ಟದ್ದು. ಊರಿನವರೆಲ್ಲ ಅವಳನ್ನು ನಂಬುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇತ್ತು. ಮಾರಾಟಕ್ಕಿಂತ ರಿಪೇರಿ ಹೆಚ್ಚು, ರಿಪೇರಿಗಿಂತ ಹರಟೆ ಹೆಚ್ಚು. ಅಂಗಡಿಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ನಾನು, ಶಾರದೆ, ಅಮ್ಮ. ಅಮ್ಮನಿಗೆ ಎಪ್ಪತ್ತರ ಆಸುಪಾಸು. ಬಾವಿಯಿಂದ ನೀರು ಸೇದುವುದು, ಒರಳಲ್ಲಿ ರುಬ್ಬುವುದು, ಸಂತೆಗೆ ಹೋಗಿ ಬದನೆಕಾಯಿಯನ್ನು ಅದರ ಎದುರಿಗೇ ಬೈದು ತರುವುದು ಎಲ್ಲ ಅವಳೇ. ಮಣೆಯ ಮೇಲೆ ಕೂತು ಊಟ ಮಾಡಿದವಳು ಎಂಜಲು ಕೈಯನ್ನು ಮುಷ್ಟಿ ಹಿಡಿದು, ಇನ್ನೊಂದು ಕೈಯನ್ನೂ ನೆಲಕ್ಕೆ ಊರದೆ, ಒಂದೇ ಬೀಸಿಗೆ ಎದ್ದು ನಿಲ್ಲುತ್ತಿದ್ದಳು. ಅದೊಂದು ನೋಡತಕ್ಕ ದೃಶ್ಯವೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ದಿನ ಬಚ್ಚಲಿನಲ್ಲಿ ಜಾರಿದಳು. ಬಿದ್ದಳು ಎಂದು ನಾನು, ಕೂತೆ ಎಂದು ಅವಳು. ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿ, “ಎಂತದೂ ಆಗ್ಲಿಲ್ಲ, ಎರಡು ದಿನ ರೆಸ್ಟ್ ಕೊಡಿ ಸಾಕು” ಎಂದರು. ಎರಡು ದಿನ ಒಳ್ಳೆಯದಾದರೆ ಎರಡು ತಿಂಗಳು ಇನ್ನೂ ಒಳ್ಳೆಯದಲ್ಲವೆ? ನಾನು ಟಾನಿಕ್ಕನ್ನೂ ಇದೇ ತರ್ಕದಲ್ಲಿ ಕುಡಿಯುವವನು. ಮನೆಗೆ ಬಂದವನೇ ಬಾವಿಕಟ್ಟೆಗೆ ಹೋಗಕೂಡದು, ಒರಳ ಹತ್ತಿರ ಸುಳಿಯಕೂಡದು, ಸಂತೆ ಬೇಡ, ಮೆಟ್ಟಿಲು ಬೇಡ, ಬಸ್ಸಂತೂ ಬೇಡವೇ ಬೇಡ ಎಂದು ಸಾರಿದೆ. ಎಮರ್ಜೆನ್ಸಿ ತೆಗೆದು ಆಗಷ್ಟೇ ಎಲ್ಲರೂ ಉಸಿರಾಡುತ್ತಿದ್ದರು. ನಮ್ಮ ಮನೆಯಲ್ಲಿ ಹೊಸದಾಗಿ ಜಾರಿಯಾಯಿತು.

ಕುರ್ಚಿ ಬಂದದ್ದು ಪಕ್ಕದ ಮನೆಯ ಇಬ್ರಾಹಿಂ ಸಾಬರ ಅಂಗಡಿಯಿಂದ. ಪೇಟೆಯಲ್ಲಿ ಅವರದ್ದು ಮರದ ಸಾಮಾನಿನ ವ್ಯಾಪಾರ. “ಅಮ್ಮನಿಗಾ? ಹಾಗಾದ್ರೆ ಇದೇ ಆಗ್ಬೇಕು ಮಾರಾಯ್ರೆ. ಒಂದ್ಸಲ ಒರಗಿದ್ರೆ ಏಳೋಕೇ ಮನಸ್ಸು ಬರೂದಿಲ್ಲ,” ಎಂದರು. ವ್ಯಾಪಾರದಲ್ಲಿ ಇಷ್ಟು ಅಪ್ಪಟ ಸತ್ಯ ನುಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. “ನಿಮ್ಮ ತಾಯಿಯವರಿಗೂ ಇಂಥದ್ದೇ ಮಾಡಿಸಿಕೊಟ್ಟಿದ್ದೀರಾ?” ಎಂದು ಕೇಳಿದೆ. ಅವರ ತಾಯಿ ಫಾತಿಮಮ್ಮ ನನ್ನ ಅಮ್ಮನಿಗಿಂತ ಹಿರಿಯರು. ಸಾಬರು ನಕ್ಕುಬಿಟ್ಟರು. “ಎಲ್ಲಿಯ ಮಾತು! ಕುರ್ಚಿ ಒಳಗೆ ತಂದ್ರೆ ನಮ್ಮಮ್ಮ ನನ್ನನ್ನೇ ಹೊರಗೆ ಹಾಕ್ತಾರೆ. ಮನೇಲಿ ಒಂದೂ ಇಲ್ಲ. ಮಾರೂದಕ್ಕೆ ಬೇರೆ, ಕೂರೂದಕ್ಕೆ ಬೇರೆ.” ಮಿಠಾಯಿ ಅಂಗಡಿಯವನು ತನ್ನ ಮಿಠಾಯಿ ತಿನ್ನದಿದ್ದರೆ ಗಿರಾಕಿಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ.

ಮೊದಲ ವಾರ ಅಮ್ಮ ಅದರ ಮೇಲೆ ತರಕಾರಿ ಬುಟ್ಟಿ ಇಟ್ಟಳು. ಎರಡನೆಯ ವಾರ ಬೆಕ್ಕು ಮಲಗಿತು. ಆಮೇಲೆ ಯಾವಾಗಲೋ, “ಹೇಗಿದೆ ನೋಡೂಣ” ಎಂದು ತಾನೇ ಕೂತಳು. ಚೆನ್ನಾಗಿಯೇ ಇತ್ತು. ಊಟ ಕುರ್ಚಿಯ ಮುಂದಿನ ಸ್ಟೂಲಿಗೆ ಬಂತು, ಸೊಪ್ಪು ಬಿಡಿಸುವ ಮೊರ ತೊಡೆಗೆ ಬಂತು, ದೇವರ ಹೂವು ಕೈಗೇ ಬಂತು. ನಾನು ಒಂದು ಲೋಟ ಕೊಡಲೂ ಓಡುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿಗೆ, “ಅಮ್ಮನ್ನ ಒಂದು ಹುಲ್ಲುಕಡ್ಡಿ ಎತ್ತಕ್ಕೂ ಬಿಡೂದಿಲ್ಲ” ಎಂದು ಹೇಳಿಕೊಳ್ಳುತ್ತಿದ್ದೆ. ಅವರು, “ಪುಣ್ಯವಂತೆ” ಎನ್ನುತ್ತಿದ್ದರು. ವರ್ಷ ತಿರುಗುವಷ್ಟರಲ್ಲಿ ಪುಣ್ಯವಂತೆಯ ಊರು ಕೊಪ್ಪ ಹೋಗಿ ಓಣಿಯಾಯಿತು, ಓಣಿ ಹೋಗಿ ಮನೆಯಾಯಿತು, ಮನೆ ಹೋಗಿ ಕುರ್ಚಿಯಾಯಿತು. ಕುರ್ಚಿಯಿಂದ ಏಳಲು ಮೊದಲು ಒಂದು ಕೈ ಊರುತ್ತಿದ್ದಳು, ಬಳಿಕ ಎರಡೂ ಕೈ, ಕಡೆಗೆ ಎರಡು ಕೈ ಅವಳದ್ದು, ಎರಡು ನನ್ನದು. ನೆಲದ ಮೇಲೆ ಕೂರುವ ಮಾತೇ ನಿಂತುಹೋಯಿತು. ನಾನು ಇದನ್ನೆಲ್ಲ ವಯಸ್ಸಿನ ಖಾತೆಗೆ ಹಾಕಿ, ಕುರ್ಚಿಗೆ ಇನ್ನೊಂದು ದಿಂಬು ತಂದೆ.

ಇಲ್ಲಿ ಶೆಟ್ಟಿಕೊಪ್ಪದ ತಿಮ್ಮಪ್ಪ ಗೌಡರ ಪಂಪ್‌ಸೆಟ್ಟಿನ ವಿಷಯ ಹೇಳಬೇಕು. ಗೌಡರು ಎಂಜಿನ್ನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಹಗ್ಗ ಎಳೆದರೆ ಅಲ್ಲಾಡಲಿಲ್ಲ; ಒಳಗೆಲ್ಲ ತುಕ್ಕಿಗೆ ಹಿಡಿದುಕೊಂಡಿತ್ತು. “ಎಂತ ಮಾಡಿದ್ರಿ ಗೌಡ್ರೆ ಇದಕ್ಕೆ?”

“ಎಂತದೂ ಮಾಡ್ಲಿಲ್ಲ ಮಾರಾಯ್ರೆ. ಹೊಸಾದು ಅಂತ ಗೋಣಿ ಸುತ್ತಿ, ಕೋಣೇಲಿ ಇಟ್ಟು, ಬೀಗ ಹಾಕಿದ್ದೆ. ಒಂದು ವರ್ಷ ಮುಟ್ಲಿಲ್ಲ.”

“ಅದೇ ತಪ್ಪು. ಕೆಲಸ ಇರಲಿ ಬಿಡಲಿ, ವಾರಕ್ಕೊಂದು ಸಲ ಓಡಿಸ್ಬೇಕು. ಮುದ್ದು ಮಾಡಿ ಕೂರಿಸಿದ್ರೆ ಯಂತ್ರ ಕೂತೇ ಬಿಡ್ತದೆ. ಓಡಿ ಹಾಳಾದದ್ದಕ್ಕಿಂತ ಕೂತು ಹಾಳಾದದ್ದೇ ನನ್ನ ಅಂಗಡೀಲಿ ಜಾಸ್ತಿ,” ಎಂದು ಅರ್ಧ ಗಂಟೆ ಉಪದೇಶ ಮಾಡಿದೆ.

ಕತೆಗಾರನಾಗಿದ್ದರೆ ಈ ಜಾಗದಲ್ಲಿ ನನ್ನ ತಲೆಯಲ್ಲಿ ದೀಪ ಹೊತ್ತಿಸುತ್ತಿದ್ದೆ. ಸ್ಪ್ಯಾನರು ಕೈಯಿಂದ ಜಾರಬೇಕು, ನಾನು ಮನೆಗೆ ಓಡಬೇಕು. ಹಾಗೇನೂ ಆಗಲಿಲ್ಲ. ಮಧ್ಯಾಹ್ನ ಮನೆಗೆ ಹೋದೆ, ಅಮ್ಮನನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಚ್ಚಲಿಗೆ ಬಿಟ್ಟೆ, ಉಂಡೆ, ನಿದ್ದೆ ಮಾಡಿದೆ. ಗೌಡರ ಎಂಜಿನ್ನೂ ಅಮ್ಮನ ಮಂಡಿಯೂ ಒಂದೇ ಎಂಬುದು ಯಾವಾಗ ಹೊಳೆಯಿತೋ ತಿಳಿಯದು. ಪ್ರಾಯಶಃ ಮೊನ್ನೆ ಇದನ್ನು ಬರೆಯಲು ಕೂತಾಗ. ಶಾರದೆ ಹೇಳುವ ಪ್ರಕಾರ ಅವಳು ನನಗೆ ಆಗಲೇ ಹೇಳಿದ್ದಳಂತೆ, ನಾನು, “ಯಂತ್ರ ಬೇರೆ, ಅಮ್ಮ ಬೇರೆ” ಎಂದು ಗದರಿಸಿದ್ದೆನಂತೆ. ನನಗೆ ನೆನಪಿಲ್ಲ, ನೆನಪಿಲ್ಲ ಎಂದ ಮೇಲೆ ನಿಜವೇ ಇರಬೇಕು.

ಅಮ್ಮನ ತಲೆಯಲ್ಲಿ ದೀಪ ಹೊತ್ತಿಸಿದ್ದು ಬಸ್ಸಿನ ಕಂಡಕ್ಟರು. ಅಮ್ಮನ ತಂಗಿ ಸಾವಿತ್ರಿ ಚಿಕ್ಕಮ್ಮನ ಮನೆ ಶೃಂಗೇರಿಯಿಂದ ಆಚೆ ಬೇಗಾರಿನಲ್ಲಿ. ಆ ಕಡೆಯ ಸುದ್ದಿ, ಸೌತೆಕಾಯಿ, ಉಪ್ಪಿನಕಾಯಿ ಭರಣಿ ಎಲ್ಲ ಬರುತ್ತಿದ್ದದ್ದು ಕಂಡಕ್ಟರ ಕೈಯಲ್ಲೇ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವರು ನಮ್ಮ ಅಂಗಳದಲ್ಲಿ ನಿಂತು, ಇಡೀ ಓಣಿಗೆ ಕೇಳುವಂತೆ ಸುದ್ದಿ ಒಪ್ಪಿಸಿದರು. “ಈ ಸಲ ಹಲಸು ಮರದ ತುಂಬ ಕಾಯಿ ಬಿಟ್ಟಿದೆಯಂತೆ. ಯುಗಾದಿ ಕಳೆದು, ಕಾಯಿ ಬಲಿತ ಮೇಲೆ ಹಪ್ಪಳಕ್ಕೆ ಅಕ್ಕನ್ನ ಕಳಿಸ್ಬೇಕಂತೆ. ಮತ್ತೆ, ಅವ್ರು ಹಪ್ಪಳ ಒತ್ತೂದೆಲ್ಲ ಬೇಡ್ವಂತೆ. ಅಂಗಳದಲ್ಲಿ ಕುರ್ಚಿ ಹಾಕಿಕೊಡ್ತಾರಂತೆ, ಕೂತ್ಕೊಂಡು ಕಾಗೆ ಕಾದ್ರೆ ಸಾಕಂತೆ.”

ಎಷ್ಟು ಪ್ರೀತಿಯ ಮಾತು ಎಂದು ನಾನು ತಲೆಯಾಡಿಸಿದೆ. ಅಮ್ಮನ ಮುಖ ನೋಡಿದರೆ ಕೆಂಪಾಗಿತ್ತು.

ನಮ್ಮ ಕಡೆಯ ಹಲಸಿನ ಹಪ್ಪಳದ ಕೆಲಸದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಅಂತಸ್ತುಗಳಿವೆ. ಕಾಯಿಯಿಂದ ಸೊಳೆ ಬಿಡಿಸಿ, ಬೇಯಿಸಿ ಕುಟ್ಟುವವರು ಗಟ್ಟಿಮುಟ್ಟಾದ ಸೊಸೆಯಂದಿರು. ಉಂಡೆ ಕಟ್ಟುವವರು ಹೊಸಬರು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಬಾಳೆಲೆಯ ತುಂಡಿನ ಮೇಲೆ ಉಂಡೆಯಿಟ್ಟು ತೆಳ್ಳಗೆ ಒತ್ತುವವರು, ಎದ್ದು ಹೋಗಿ ಅದನ್ನು ಬಿಸಿಲಿನ ಚಾಪೆಗೆ ಹರಡಿ ಬರುವವರು, ಇವರು ಯಜಮಾನಿಯರು. ಹಿಟ್ಟಿನ ಉಪ್ಪು ಖಾರ ಸರಿಯಿದೆಯೆ ಎಂದು ಅವರ ನಾಲಿಗೆಗೇ ಮೊದಲು ಇಡುವುದು. ಇನ್ನು ಯಾವುದಕ್ಕೂ ಆಗದವರಿಗೆ ಒಂದು ಕುರ್ಚಿ, ಒಂದು ಉದ್ದನೆಯ ಕೋಲು. ಒಣಗುವ ಹಪ್ಪಳಕ್ಕೆ ಬರುವ ಕಾಗೆ ಓಡಿಸಬೇಕು. ಚಿಕ್ಕಮ್ಮನ ಅತ್ತೆ ಗುಂಡಮ್ಮನವರಿಗೆ ಒಂದು ವರ್ಷ ಆ ಕೋಲು ಕೊಟ್ಟರು. ಮತ್ತೆ ಅವರು ಒಳಗೆ ಬರಲೇ ಇಲ್ಲ.

ಕಂಡಕ್ಟರು ಹೋದ ಮೇಲೆ ಅಮ್ಮ, “ಗುಂಡಮ್ಮನ್ನ ಆಮೇಲೆ ಯಾರೂ ಉಪ್ಪು ಕೇಳ್ಲಿಲ್ಲ” ಎಂದಳು.

“ಉಪ್ಪು ಬೇಕಾ? ತರ್ಲಾ?” ಎಂದು ಎದ್ದೆ.

“ನೀನು ಕೂತ್ಕೋ ಮಾರಾಯ,” ಎಂದಳು. ಆ ಮನೆಯಲ್ಲಿ ಕೂತುಕೋ ಎನ್ನುವ ಮಾತು ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು.

ಮರುದಿನ ನಾನು ಊಟಕ್ಕೆ ಬಂದಾಗ ನಡುಮನೆಯಲ್ಲಿ ಊಟದ ಮಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಿದ್ದರು. ಪಕ್ಕದಲ್ಲಿ ನಾನು ತಂದ ಕುರ್ಚಿ. ಅಮ್ಮ ಕುರ್ಚಿಯ ಕೈ ಹಿಡಿದು ಆ ಗೋಪುರದ ಮೇಲೆ ಕೂರುತ್ತಿದ್ದಳು, ಏಳುತ್ತಿದ್ದಳು. ಎದುರಿಗೆ ಚಾಪೆಯ ಮೇಲೆ ಫಾತಿಮಮ್ಮ ಕೂತು ಚಹಾ ಕುಡಿಯುತ್ತಾ ಹುಕುಂ ಕೊಡುತ್ತಿದ್ದರು. ಅವರಿಗೆ ಕಣ್ಣು ಮಂದ, ಬಾಗಿಲ ಬಳಿ ನಿಂತಿದ್ದ ಶಾರದೆಯನ್ನೇ ಅಮ್ಮನೆಂದು ತಿಳಿದು, “ಭೇಷ್, ಬೆನ್ನು ನೆಟ್ಟಗಾಗಿದೆ ನೋಡಿ!” ಎನ್ನುತ್ತಿದ್ದರು.

“ಎಂತ ಸರ್ಕಸ್ಸು ಇದು?” ಎಂದು ನಾನು ಓಡಿದೆ.

“ಇವ್ರು ಐದು ಹೊತ್ತು ನಮಾಜಿಗೆ ಬಗ್ಗಿ ಏಳ್ತಾರೆ. ನಂಗಿಂತ ದೊಡ್ಡೋರು,” ಎಂದಳು ಅಮ್ಮ ಏದುತ್ತ.

“ದಿನಾ ನೆಲಕ್ಕೆ ಹೋಗಿ ಬರ್ತೀನಿ,” ಎಂದರು ಫಾತಿಮಮ್ಮ. “ಒಂದಿನಾನೂ ನೆಲ ನನ್ನ ಇಟ್ಕೊಂಡಿಲ್ಲ. ನೀವು ಹೋಗೂದೇ ಬಿಟ್ರೆ ಅದಕ್ಕೂ ಸಿಟ್ಟು ಬರೂದಿಲ್ವಾ? ನಮ್ಮ ಇಬ್ರಾಹಿಂ ಕುರ್ಚಿ ಹೊತ್ಕೊಂಡು ನಿಮ್ಮನೆಗೆ ಹೋದಾಗ್ಲೇ ಅಂದ್ಕೊಂಡೆ, ಹೋಯ್ತು ಅಮ್ಮನ ಕಾಲು ಅಂತ.”

“ಬಿದ್ರೆ ಎಂತ ಗತಿ ಅಮ್ಮ?”

“ಬಿದ್ರೆ ಕೆಳಗೇ ಇರ್ತೇನೆ. ಇನ್ನೆಲ್ಲಿಗೆ ಹೋಗ್ತೇನೆ?”

ನಾನು ಮುಂದೆ ಹೋಗಿ ಕಂಕುಳಿಗೆ ಕೈ ಹಾಕಿದೆ. ಕೈ ಹೋದದ್ದೇ ತಡ, ಅಮ್ಮನ ಕಾಲು ಕೆಲಸ ನಿಲ್ಲಿಸಿ ಇಡೀ ಭಾರ ನನ್ನ ಮೇಲೆ ಬಂತು. ಶಾರದೆ ಇದನ್ನು ನೋಡಿ, “ನಿಮ್ಮ ಕೈ ಹಿಂದೆ ಕಟ್ಕೊಳ್ಳಿ ನೋಡೂಣ,” ಎಂದಳು. ಕಟ್ಟಿಕೊಂಡೆ. ಶಾಲೆ ಬಿಟ್ಟ ಮೇಲೆ ಹಾಗೆ ನಿಂತಿರಲಿಲ್ಲ. ನಂಬಿ, ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ತುಕ್ಕು ಹಿಡಿದ ಫ್ಲೈವೀಲನ್ನು ಬಿಚ್ಚಿದ್ದೇನೆ, ಬಾವಿಗೆ ಬಿದ್ದ ಮೋಟಾರನ್ನು ಎತ್ತಿದ್ದೇನೆ. ಹೆತ್ತ ತಾಯಿ ನಡುಗುವ ಮಂಡಿಯಲ್ಲಿ ಅರ್ಧ ಎದ್ದು, ಅಲ್ಲೇ ನಿಂತು, ಏಳುವುದೋ ಕೂರುವುದೋ ಎಂದು ಯೋಚಿಸುತ್ತಿರುವಾಗ ಬರಿದೇ ನೋಡುತ್ತ ನಿಲ್ಲುವುದಿದೆಯಲ್ಲ, ಅದರ ಮುಂದೆ ಮೋಟಾರು ಯಾವ ಲೆಕ್ಕ!

ದಿನ ಕಳೆದಂತೆ ಮಣೆಯ ಗೋಪುರ ಒಂದೊಂದೇ ಅಂತಸ್ತು ಇಳಿಯಿತು. ಕುರ್ಚಿಯ ಕೈ ಹಿಡಿಯುವುದು ಹೋಗಿ ಅದನ್ನು ಬೆರಳಿನಿಂದ ಮುಟ್ಟುವುದಾಯಿತು. ನಡುವೆ ಅಮ್ಮ ಬಾವಿಕಟ್ಟೆಗೆ ಹೋಗಿ ಚಿಕ್ಕ ಕೊಡದಲ್ಲಿ ನೀರು ಸೇದಿದಳು, ಒರಳಿಗೆ ಕೈ ಹಾಕಿದಳು, ಓಣಿಯ ತುದಿಯವರೆಗೆ ಹೋಗಿ ಅಲ್ಲಿನ ಮನೆಯವರ ಕರಿಬೇವಿನ ಗಿಡವನ್ನು ಬೈದು ಬಂದಳು. ಎಲ್ಲ ನೇರವಾಗಿ ಏರುತ್ತ ಹೋಯಿತೆಂದು ನನ್ನ ನೆನಪು ಹೇಳುತ್ತದೆ. ಶಾರದೆ ಹೇಳುವುದು ಬೇರೆ. ಕೊನೆಯ ಮಣೆ ಒಂದೇ ಉಳಿದ ದಿನ, ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮ ಕೂತಳಂತೆ, ಏಳಲಾಗಲಿಲ್ಲವಂತೆ. ಶಾರದೆ ಸಂತೆಯಿಂದ ಬಂದಾಗ ಅಮ್ಮ ನೆಲದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಸಾಕು, ಆ ಕೋಲನ್ನೇ ಹಿಡಿತೇನೆ,” ಎಂದಳಂತೆ. ನನಗೆ ಇದನ್ನು ಇಬ್ಬರೂ ಆಗ ಹೇಳಲಿಲ್ಲ. ಹೇಳಿದ್ದರೆ ನಾನು ಆ ಸಂಜೆಯೇ ಮಣೆಗಳನ್ನು ಅಟ್ಟಕ್ಕೆ ಹಾಕಿ ಕುರ್ಚಿಗೆ ಮೂರನೆಯ ದಿಂಬು ತರುತ್ತಿದ್ದೆ ಎಂಬುದು ಅವರಿಗೆ ಗೊತ್ತಿತ್ತು. ಶಾರದೆ ಕೈ ಕೊಡಲಿಲ್ಲ. ತಾನೂ ಪಕ್ಕದಲ್ಲಿ ನೆಲಕ್ಕೆ ಕೂತು, ತಂದ ಬೀನ್ಸ್ ಬಿಡಿಸತೊಡಗಿದಳಂತೆ. ಬೀನ್ಸ್ ಮುಗಿದ ಮೇಲೆ ಅಮ್ಮ ಪಕ್ಕಕ್ಕೆ ಹೊರಳಿ, ಮಗುವಿನಂತೆ ಅಂಬೆಗಾಲಿಗೆ ಬಂದು, ಒಂದು ಪಾದ ಮುಂದಿಟ್ಟು, ಗೋಡೆಗೆ ಕೈಯಿಟ್ಟು ಎದ್ದು ನಿಂತಳಂತೆ. ಎದ್ದವಳು, “ಬೀನ್ಸ್ ಬಲಿತದ್ದು. ನೋಡಿ ತರಬಾರದಾ?” ಎಂದಳಂತೆ. ಅಲ್ಲಿಗೆ ಅವಳು ಗುಣವಾದಳು ಎಂಬುದು ಶಾರದೆಯ ಅಭಿಪ್ರಾಯ.

ಬೇಗಾರಿಗೆ ಒಬ್ಬಳೇ ಹೋಗುತ್ತೇನೆಂದು ಅಮ್ಮ ಹಟ ಹಿಡಿದಳು. ಹಪ್ಪಳದ ಡಬ್ಬ ಹೊತ್ತು ತರಲು ಜನ ಬೇಕಲ್ಲ ಎಂಬ ನೆಪದಲ್ಲಿ ನಾನೂ ಹೊರಟೆ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಎಂಬುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಅದೇ ಕಂಡಕ್ಟರು, “ಕೈ ಕೊಡ್ಲಾ ಅಮ್ಮ?” ಎಂದರು.

“ಟಿಕೆಟ್ ಕೊಡು. ಕೈ ಬೇಡ.”

ಕಂಬಿ ಹಿಡಿದು, ಒಂದು ಸಲ ಉಸಿರು ಬಿಗಿದು ಹತ್ತಿಬಿಟ್ಟಳು. ನಾನು ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದೆ, ನನ್ನ ಹಿಂದೆ ಅಡ್ಡಗದ್ದೆಗೆ ಹೋಗುವವರೊಬ್ಬರು, “ಹತ್ತಿ ಸ್ವಾಮಿ, ಮೆರವಣಿಗೆ ನೋಡ್ತಾ ಇದೀರಾ?” ಎಂದು ತಳ್ಳಿದರು.

ಚಿಕ್ಕಮ್ಮನ ಅಂಗಳದಲ್ಲಿ ಚಾಪೆಗಳು ಹಾಸಿದ್ದವು. ಒಂದು ಮೂಲೆಯ ನೆರಳಿನಲ್ಲಿ ಕುರ್ಚಿ, ಕುರ್ಚಿಗೆ ಒರಗಿಸಿದ ಕೋಲು. ಚಿಕ್ಕಮ್ಮ, “ಬಾ ಅಕ್ಕ, ಆರಾಮಾಗಿ ಕೂರು” ಎಂದು ಆ ಕಡೆ ಕೈ ತೋರಿಸಿದರು. ಅಮ್ಮ ಕುರ್ಚಿಯನ್ನು ನೋಡಿದಳು, ಅದು ಪರಿಚಯವಿಲ್ಲದ ನೆಂಟರೆಂಬಂತೆ ತಲೆಯಾಡಿಸಿ, ಜಗಲಿಗೆ ನಡೆದಳು. ಅಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಕುಟ್ಟುವ ಸದ್ದು ನಿಂತಿತು. ಅಮ್ಮ ಸೆರಗು ಸಿಕ್ಕಿಸಿ, ಒಂದು ಕೈ ಮಂಡಿಗಿಟ್ಟು, ಇನ್ನೊಂದು ನೆಲಕ್ಕೆ ಊರಿ, ಮೆಲ್ಲಗೆ ಇಳಿದು ಕೂತಳು. ಮೊದಲಿನ ಬೀಸು ಇರಲಿಲ್ಲ. ‘ಉಶ್’ ಎಂಬ ಸದ್ದೂ ಬಂತು. ಆದರೆ ಕೂತಳು, ಒಂದಿಷ್ಟು ಹಪ್ಪಳ ಒತ್ತಿದಳು, ಕಂಬ ಹಿಡಿದು ಎದ್ದಳು, ಚಾಪೆಯವರೆಗೆ ಹೋಗಿ ಹರಡಿ ಬಂದು ಮತ್ತೆ ಕೂತಳು. ಚಿಕ್ಕಮ್ಮ ಇದನ್ನೆಲ್ಲ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಮುಂದಿನ ಒರಳು ಹಿಟ್ಟು ಬಂದಾಗ ಅದರಿಂದ ಚಿಟಿಕೆಯಷ್ಟು ತೆಗೆದು ಅಮ್ಮನ ಮುಂದೆ ಹಿಡಿದರು.

“ಉಪ್ಪು ನೋಡೇ ಅಕ್ಕ.”

ಅಮ್ಮ ನಾಲಿಗೆಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ನೋಡುವ ಉಪ್ಪು ಅದರಲ್ಲಿ ಇರಲಿಲ್ಲ. “ಸ್ವಲ್ಪ ಕಮ್ಮಿ,” ಎಂದಳು.

ಅದನ್ನು ಕಂಡ ಉತ್ಸಾಹದಲ್ಲಿ ನಾನೂ, “ಒಂದು ಕೈ ನೋಡ್ತೇನೆ” ಎಂದು ಅವರ ನಡುವೆ ನೆಲಕ್ಕೆ ಕೂತೆ. ಕೂತದ್ದಲ್ಲ, ನಿಜವಾಗಿ ಬಿದ್ದದ್ದು. ಪ್ಯಾಂಟು ಮಂಡಿಯಲ್ಲಿ ಬಿಗಿಯಿತು, ಹೊಟ್ಟೆ ತೊಡೆಯನ್ನು ಭೇಟಿಯಾಯಿತು. ನಾಲ್ಕು ಹಪ್ಪಳ ಒತ್ತುವಷ್ಟರಲ್ಲಿ ಎಡಗಾಲು ಜೋಮು ಹಿಡಿದು ಬೇರೆ ಯಾರದೋ ಆಗಿಹೋಯಿತು. ಏಳಲು ನೋಡಿದೆ. ಒಂದು ಕೈ ಊರಿದೆ, ಎರಡೂ ಊರಿದೆ. ಕಡೆಗೆ ಹಿಟ್ಟಿನ ಪಾತ್ರೆಯನ್ನು ಆಧಾರವೆಂದು ಹಿಡಿದೆ. ಅದು ನನ್ನ ಜೊತೆಗೇ ಬಂತು.

ಹೆಂಗಸರ ನಗು ನಿಂತ ಮೇಲೆ ಚಿಕ್ಕಮ್ಮ, “ಮಾಣಿ, ನಿಂಗೆ ಅಂಗಳದಲ್ಲಿ ಕುರ್ಚಿ ಇದೆ ನೋಡು,” ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಬೇಡವೆನ್ನಲು ಆಗಲಿಲ್ಲ.

ಹೀಗೆ ನಾನು ನಲವತ್ತು ದಾಟಿದ ಕೆಲವೇ ವರ್ಷಗಳಲ್ಲಿ, ಬೇಗಾರಿನ ಇತಿಹಾಸದಲ್ಲೇ ಅತಿ ಚಿಕ್ಕ ವಯಸ್ಸಿಗೆ ಕಾಗೆ ಕಾಯುವ ಹುದ್ದೆಗೆ ಏರಿದೆ. ಕಾಗೆಗಳು ನನ್ನನ್ನು ಒಂದು ಸಲ ನೋಡಿ ಅಂದಾಜು ಮಾಡಿಕೊಂಡವು. ಕೋಲು ಎಟುಕುವ ಕಡೆ ಬರಲಿಲ್ಲ. ಎದ್ದರಷ್ಟೇ ಎಟುಕುವ ಕಡೆ ಆರಾಮಾಗಿ ಊಟ ಮಾಡಿದವು. ಒಳಗೆ ಮತ್ತೆ ಮತ್ತೆ ಹಿಟ್ಟು ಬಂತು, ಉಪ್ಪು ನೋಡಿದರು, ಖಾರ ನೋಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಕುರ್ಚಿ ಮಾತ್ರ ಬಹಳ ಚೆನ್ನಾಗಿತ್ತು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅಮ್ಮ ಪ್ರತಿ ಬೇಸಿಗೆ ಬೇಗಾರಿಗೆ ಒಬ್ಬಳೇ ಹೋಗುತ್ತಾಳೆ. ಹೋದ ವರ್ಷ ಮೊದಲಿಗಿಂತ ನಿಧಾನವಾಗಿ ಬಸ್ಸು ಹತ್ತಿದಳು, ಕಂಡಕ್ಟರು ಸೀಟಿ ಊದದೆ ಕಾದರು. ಇಬ್ರಾಹಿಂ ಸಾಬರ ಕುರ್ಚಿ ನಮ್ಮ ನಡುಮನೆಯಲ್ಲೇ ಇದೆ. ಅದನ್ನು ಮೊದಲಿನಿಂದಲೂ ನಾನು ನನಗಾಗಿಯೇ ತಂದದ್ದು, ಅಮ್ಮ ಬಿದ್ದದ್ದು ಒಳ್ಳೆಯ ನೆಪವಾಯಿತು ಎಂಬುದು ಶಾರದೆಯ ಇತ್ತೀಚಿನ ತಿದ್ದುಪಡಿ. ಅದರಲ್ಲಿ ಒರಗಿಯೇ ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಪೆನ್ನಿನ ಮುಚ್ಚಳ ಕೈಜಾರಿ ಉರುಳಿ ಮಣೆಗಳ ಹತ್ತಿರ ಹೋಗಿ ನಿಂತಿದೆ. “ಅಮ್ಮ, ಅದೊಂಚೂರು…” ಎಂದೆ. ಅಮ್ಮ ಅಡುಗೆಮನೆಯಿಂದ ಬಂದು ಮುಚ್ಚಳವನ್ನು ನೋಡಿದಳು, ನನ್ನನ್ನು ನೋಡಿದಳು. ಈಗ ಬಾಗಿಲಲ್ಲಿ ನಿಂತಿದ್ದಾಳೆ, ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು.